ಮುಗ್ಗರಿಸುವ ಬಂಡಿ

ಜೂನ್ 11

ನಾದಿನಿಗೆ,

ನೀನು ಕಳಿಸಿದ ಫೋಟೊ ತಲುಪಿತು. ನಿನ್ನ ಎರಡನೇ ತರಗತಿಯಲ್ಲಿ ಹಲ್ಲು ಬಿದ್ದವರೇ ಜಾಸ್ತಿ ಇದ್ದಾರೆ. ಆದರೆ ನಾನು ನೋಡಿದ್ದು ಮಕ್ಕಳನ್ನಲ್ಲ, ಅವರ ಮುಂದಿನ ಮೇಜಿನ ಮೇಲಿರುವ ನೀಲಿ ಪೆಟ್ಟಿಗೆಯನ್ನು. ಮುಚ್ಚಳದ ಮೇಲೆ ಒಬ್ಬ ಗಂಡಸು ಮಗುವಿನ ಭುಜದ ಮೇಲೆ ಕೈಯಿಟ್ಟು ನಗುತ್ತಿದ್ದಾನಲ್ಲ, ಅವನೇ ನಮ್ಮ ಬೆಣ್ಣೆ.

ಅವನ ಕಥೆಯನ್ನು ನೀನು ಫೋನಿನಲ್ಲಿ ಅರ್ಧ ಕೇಳಿದ್ದೀ. ಉಳಿದರ್ಧ ಹೇಳಲು ಕಾಗದವೇ ಸರಿ. ನಿನ್ನ ಅಣ್ಣ ಪಕ್ಕದ ಕೋಣೆಯಲ್ಲಿದ್ದರೂ ಕೇಳಿಸಿಕೊಂಡು, "ಹೋಗ್ಲಿ ಬಿಡೆ, ದೊಡ್ಡ ಮನಸ್ಸು ಮಾಡು" ಎನ್ನುತ್ತಾನೆ. ನನಗೆ ಇರುವಷ್ಟು ಮನಸ್ಸೇ ಸಾಕು.

ಬೆಣ್ಣೆ ನಮ್ಮ ಶಾಲೆಗೆ ಹೊಸ ಚಟುವಟಿಕೆಗಳ ಉಸ್ತುವಾರಿಯಾಗಿ ಬಂದವನು. ಇಡೀ ವರ್ಷ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತ. ಆರೇಳು ವರ್ಷದ ಮಕ್ಕಳು ರಟ್ಟು, ಬಾಟಲಿ ಮುಚ್ಚಳ, ಹಳೆಯ ಆಟಿಕೆಗಳಿಂದ ಕಿತ್ತ ಮೋಟಾರು ಜೋಡಿಸಿ ಬಂಡಿ ಮಾಡುವುದನ್ನು, ಆ ಬಂಡಿ ಎದುರಿನ ವಸ್ತುವಿಗೆ ಮೂತಿ ತಗುಲಿಸಿದೊಡನೆ ತಾನೇ ತೋಳೆತ್ತಿ ಅದನ್ನು ಹೊರುವುದನ್ನು ನೋಡಿದ. "ಅಕ್ಕಾ, ನಿಮ್ಮ ಕೈಯಲ್ಲಿ ಏನೋ ಇದೆ" ಎಂದ. ನಾನು ಉಬ್ಬಿದೆ. ನಾನು ಬರೆದಿಟ್ಟಿದ್ದ ಮೊದಲ ಪಾಠದ ಹಾಳೆಗಳನ್ನು ಓದಲು ಕೇಳಿದ. ಕೊಟ್ಟೆ.

ಆಮೇಲೆ ಒಂದು ಮಗುವಿನ ಬೆರಳಿಗೆ ಬಿಸಿ ಅಂಟು ತಗುಲಿತು. ತಣ್ಣೀರು ಹಾಕಿದೆವು, ಮಗು ಮತ್ತೆ ಆಟಕ್ಕೆ ಹೋಯಿತು. ಬೆಣ್ಣೆ ಮಾತ್ರ ಆಡಳಿತದವರಿಗೆ ವರದಿ ಬರೆದ: ಈ ತರಗತಿ ಚಿಕ್ಕ ಮಕ್ಕಳಿಗೆ ಅಪಾಯ, ಶಿಕ್ಷಕಿಗೆ ತರಬೇತಿಯಿಲ್ಲ. ತರಗತಿ ಮುಚ್ಚಿತು. ಅವನು ರಾಜೀನಾಮೆ ಕೊಟ್ಟು ಹೋದ. ವರ್ಷ ತುಂಬುವುದರೊಳಗೆ ನನ್ನ ಬಂಡಿ ಅವನ ಹೆಸರಿನಲ್ಲಿ, ನೀಲಿ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂತು. ನಾನೀಗ ಉಗ್ರಾಣದಲ್ಲಿ ಸೀಮೆಸುಣ್ಣ, ಪೊರಕೆ, ಡಸ್ಟರು ಹಂಚುತ್ತೇನೆ. ಉಗ್ರಾಣದ ಕಿಟಕಿಯಿಂದ ನನ್ನ ಹಳೆಯ ತರಗತಿ ಕಾಣುತ್ತದೆ. ಈಗ ಅಲ್ಲಿ ಮುರಿದ ಕುರ್ಚಿಗಳನ್ನು ತುಂಬಿದ್ದಾರೆ.

ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ನನ್ನನ್ನು ನನ್ನ ಕೆಲಸದಿಂದ ತೆಗೆದ. ಅದಕ್ಕೇ ಆ ಹೆಸರು.

ನಿನ್ನಿಂದ ಒಂದೇ ಕೆಲಸ ಆಗಬೇಕು. ಪೆಟ್ಟಿಗೆ ತೆರೆದು ಬಂಡಿಯನ್ನು ನೋಡು. ಬ್ಯಾಟರಿ ಡಬ್ಬಿ ಎಲ್ಲಿದೆ, ಮುಂದೋ ಹಿಂದೋ? ಕೂಡಲೇ ಬರೆ.

ಅತ್ತಿಗೆ

ಜೂನ್ 24

ಅತ್ತಿಗೆ,

ನಿಮ್ಮ ಕಾಗದ ಓದಿ ಸಂಕಟವಾಯಿತು. ಅಣ್ಣ ನನಗೆ ಹೇಳಿದ್ದು "ಅವಳಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟಿದ್ದಾರೆ" ಎಂದು. ಗಂಡಸರ ಡಿಕ್ಷನರಿಯೇ ಬೇರೆ.

ಬ್ಯಾಟರಿ ಡಬ್ಬಿ ಮುಂದೆ ಇದೆ, ಎತ್ತುವ ತೋಳಿನ ಬುಡದಲ್ಲಿ, ಮುಂಚಕ್ರಗಳನ್ನೂ ದಾಟಿ ಮೂತಿಯ ಹಾಗೆ. ಅಂಟಿಸಿದ್ದಲ್ಲ. ಬಂಡಿಯ ಒಡಲೂ ಡಬ್ಬಿಯೂ ಒಂದೇ ಅಚ್ಚಿನ ಪ್ಲಾಸ್ಟಿಕ್. ಇದನ್ನೇಕೆ ಕೇಳಿದಿರಿ?

ಬಂಡಿ ಚೆನ್ನಾಗಿಯೇ ಓಡುತ್ತದೆ. ಜೊತೆಗೆ ಕೊಟ್ಟ ಸ್ಪಂಜಿನ ಇಟ್ಟಿಗೆಗಳನ್ನು ಎತ್ತಿ ಮೇಜಿನ ಆ ತುದಿಗೆ ಒಯ್ಯುತ್ತದೆ. ಅವನು, ಅಂದರೆ ಬೆಣ್ಣೆ, ನಮಗೆ ತರಬೇತಿ ಕೊಡಲು ಬಂದಿದ್ದ. ಮಾತು ಮೆದು. ಮಕ್ಕಳ ಹೆಸರುಗಳನ್ನೆಲ್ಲ ಒಂದೇ ದಿನದಲ್ಲಿ ಕಲಿತ. ಹೀಗೆಂದರೆ ನಿಮಗೆ ಸಿಟ್ಟು ಬರುತ್ತದೆ, ಆದರೂ ಇದ್ದದ್ದು ಇದ್ದ ಹಾಗೆ ಬರೆಯಬೇಕಲ್ಲ.

ಇನ್ನೊಂದು ಸುದ್ದಿ. ಎಲ್ಲ ಶಾಲೆಗಳಿಗೂ ಈ ಪೆಟ್ಟಿಗೆ ತರಿಸುವ ಯೋಚನೆಯಿದೆಯಂತೆ. ಅದನ್ನು ನಿರ್ಧರಿಸುವ ಸಮಿತಿ ಸೆಪ್ಟೆಂಬರಿನಲ್ಲಿ ನಮ್ಮ ಶಾಲೆಗೇ ಬಂದು ನೋಡುತ್ತದೆ. ನಮ್ಮ ಮುಖ್ಯೋಪಾಧ್ಯಾಯಿನಿ ನನ್ನ ತರಗತಿಯನ್ನು ಆರಿಸಿದ್ದಾರೆ. ಸಭಾಂಗಣದಲ್ಲಿ, ತಂದೆತಾಯಿಗಳ ಎದುರು, ನನ್ನ ಮಕ್ಕಳು ಬಂಡಿ ಓಡಿಸಬೇಕು.

ನಾದಿನಿ

ಜುಲೈ 3

ನಾದಿನಿ ಮಹಾರಾಯ್ತಿಗೆ,

ನಿನ್ನ ಕಾಗದವನ್ನು ಉಗ್ರಾಣದ ಬಾಗಿಲು ಹಾಕಿಕೊಂಡು ಓದಿದೆ. ನಕ್ಕು ನಕ್ಕು ಪೊರಕೆಗಳ ರಾಶಿಯ ಮೇಲೆ ಕೂತುಬಿಟ್ಟೆ.

ಕೇಳು. ನನ್ನ ಮೊದಲ ವಾರದ ಬಂಡಿ ಬೀಳಲೇಬೇಕು. ಅದಕ್ಕಾಗಿಯೇ ಹಾಳೆಯಲ್ಲಿ ಬ್ಯಾಟರಿ ಡಬ್ಬಿಯನ್ನು ಮುಂದೆ ಬರೆದಿದ್ದೆ. ಹಗುರ ವಸ್ತು ಎತ್ತಿದರೆ ಏನೂ ಆಗುವುದಿಲ್ಲ. ಭಾರದ್ದು ಎತ್ತಿದರೆ ಹಿಂಚಕ್ರಗಳು ಮೇಲೇಳುತ್ತವೆ, ಬಂಡಿ ಮುಗ್ಗರಿಸಿ ಮೂಗು ಕುಟ್ಟಿಕೊಳ್ಳುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಸುತ್ತ ಕೂತು ಯಾಕೆ ಬಿತ್ತು ಎಂದು ಜಗಳವಾಡುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಕೊನೆಗೆ ಯಾರಾದರೊಬ್ಬರು ಡಬ್ಬಿಯನ್ನು ಕಿತ್ತು ಹಿಂದಕ್ಕೆ ಅಂಟಿಸುತ್ತಾರೆ. ರಟ್ಟು ಮತ್ತು ಟೇಪು ಇರುವುದೇ ಅದಕ್ಕೆ. ಉತ್ತರವನ್ನು ನಾನು ಎಲ್ಲಿಯೂ ಬರೆದಿಲ್ಲ, ಏಕೆಂದರೆ ಅದನ್ನು ಬರೆಯಬೇಕಾದವರು ಮಕ್ಕಳು.

ನಮ್ಮ ಬೆಣ್ಣೆ ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಕೂತಿದ್ದ ಎಂದೆನಲ್ಲ, ಮಕ್ಕಳು ನೆಲದ ಮೇಲೆ ಜಗಳವಾಡುವ ಹೊತ್ತಿನಲ್ಲಿ ಎದ್ದು ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದ. ಗದ್ದಲ ಅವನಿಗೆ ಆಗುತ್ತಿರಲಿಲ್ಲ. ಹಾಗಾಗಿ ಹಾಳೆಯಲ್ಲಿದ್ದುದು ತಪ್ಪು ಎಂಬುದೇ ಗೊತ್ತಾಗಲಿಲ್ಲ. ತಪ್ಪಿಗೆ ಅಚ್ಚು ಹಾಕಿಸಿದ್ದಾನೆ! ಕದ್ದವನಿಗೆ ಕದ್ದ ಮಾಲೇ ಬೇಡಿ.

ಈಗ ನೀನು ಮಾಡಬೇಕಾದದ್ದು ಇಷ್ಟು. ಸೆಪ್ಟೆಂಬರಿನವರೆಗೆ ಮಕ್ಕಳಿಗೆ ಸ್ಪಂಜು ಬಿಟ್ಟು ಬೇರೇನನ್ನೂ ಎತ್ತಲು ಕೊಡಬೇಡ. ಸಭೆಯ ದಿನ ಒಂದು ಸ್ಪಂಜಿನ ಇಟ್ಟಿಗೆಯ ಒಳಗೆ ಒದ್ದೆ ಮರಳು ತುಂಬಿ ಹೊಲಿದು ಇಡು. ಮಗು ಗುಂಡಿ ಒತ್ತಲಿ, ಬಂಡಿ ಎಲ್ಲರೆದುರು ಮೂಗು ಕುಟ್ಟಲಿ. ನಾನು ಅಲ್ಲಿ ಇರಲಾರೆ, ಉಗ್ರಾಣಕ್ಕೆ ರಜೆಯಿಲ್ಲ. ಅವನ ಮುಖವನ್ನು ನೀನು ನನ್ನ ಪರವಾಗಿ ನೋಡು. ಹುಬ್ಬಿನಿಂದ ಗದ್ದದವರೆಗೆ ಬರೆದು ಕಳಿಸು.

ಅತ್ತಿಗೆ

ಜುಲೈ 27

ನಾದಿನಿ,

ಉತ್ತರವಿಲ್ಲ. ಅಂಚೆಯವನು ಬಂದಾಗಲೆಲ್ಲ ಉಗ್ರಾಣದಿಂದ ಇಣುಕಿ ನೋಡಿ ಕುತ್ತಿಗೆ ಉಳುಕಿತು. ಮೆದು ಮಾತಿನವನು ನಿನಗೂ ಹಚ್ಚಿದನೋ ಹೇಗೆ? ಹಚ್ಚಿಸಿಕೊಂಡಿದ್ದರೆ ನೇರವಾಗಿ ಹೇಳು. ನಾದಿನಿ ಅಂದರೆ ಅರ್ಧ ಅತ್ತೆ ಎಂದು ನನ್ನಮ್ಮ ಮದುವೆಯ ದಿನವೇ ಎಚ್ಚರಿಸಿದ್ದಳು.

ಅತ್ತಿಗೆ

ಆಗಸ್ಟ್ 9

ಅತ್ತಿಗೆ,

ತಡವಾಯಿತು, ಕ್ಷಮಿಸಿ. ನನಗೆ ಯಾರೂ ಏನೂ ಹಚ್ಚಿಲ್ಲ. ಮಕ್ಕಳು ಸ್ಪಂಜನ್ನೇ ಎತ್ತುತ್ತಿದ್ದಾರೆ. ನೀವು ಹೇಳಿದ ಹಾಗೆಯೇ ನಡೆಯುತ್ತಿದೆ.

ಸಭೆಯ ದಿನ ಗುಂಡಿ ಒತ್ತಲು ಬೆಣ್ಣೆಯೇ ಒಂದು ಹುಡುಗಿಯನ್ನು ಆರಿಸಿದ್ದಾನೆ. ಫೋಟೊಗೆ ಚೆನ್ನಾಗಿ ಬರುತ್ತಾಳೆ ಎಂದು. ನಾವು ಅವಳನ್ನು ಯಾಕಮ್ಮ ಎನ್ನುತ್ತೇವೆ. ಬಾಯಿ ತೆರೆದರೆ "ಯಾಕೆ?" ಎಂದೇ ಶುರು. ಹೋದ ವರ್ಷ ವೇದಿಕೆಯ ಮೇಲೆ ಹಾಡಿನ ಸಾಲು ಮರೆತುಹೋಗಿ, ಎಲ್ಲರೂ ನಕ್ಕರು. ಅವಳು ಮೇಜಿನ ಕೆಳಗೆ ಹೊಕ್ಕಳು. ಆಮೇಲೆ ಬಹಳ ದಿನ ಶಾಲೆಯಲ್ಲಿ ಒಂದು ಯಾಕೆಯೂ ಕೇಳಿಬರಲಿಲ್ಲ. ಈಗಷ್ಟೇ ಮತ್ತೆ ಶುರುಮಾಡಿದ್ದಾಳೆ.

ಬಂಡಿ ಅವಳ ಕೈಯಲ್ಲಿ ಬಿದ್ದರೆ ಏನಾಗುತ್ತದೆ, ಅತ್ತಿಗೆ? ನಿಮಗೆ ಮಕ್ಕಳು ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ.

ನಾದಿನಿ

ಆಗಸ್ಟ್ 17

ನಾದಿನಿ,

ಏನೂ ಆಗುವುದಿಲ್ಲ, ನಗುತ್ತಾಳೆ. ನನ್ನ ತರಗತಿಯಲ್ಲಿ ಬಂಡಿ ಬಿದ್ದಾಗ ಅತ್ತ ಮಗು ಒಂದೂ ಇಲ್ಲ.

ಒಂದು ವೇಳೆ ಅತ್ತರೆ ಅಳಲಿ. ಒಂದು ಮಗು ಒಂದು ದಿನ ಅತ್ತರೆ ಭೂಮಿ ಬಾಯಿ ಬಿಡುವುದಿಲ್ಲ. ನಾನು ಅತ್ತ ದಿನಗಳಲ್ಲಿ ಬಿಟ್ಟಿತೇ? ನಿನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಉಗ್ರಾಣಕ್ಕೆ ಬಂದು, "ಮಿಸ್, ಸೀಮೆಸುಣ್ಣ ಕೊಡೋದು ನಿಮಗೆ ಪ್ರಮೋಶನ್ನಾ?" ಎಂದು ಕೇಳಿದ. ವ್ಯಂಗ್ಯವಲ್ಲ, ಪಾಪ, ನಿಜವಾಗಿಯೇ ಕೇಳಿದ. ಹೌದು ಎಂದೆ.

ಮರಳನ್ನು ಒದ್ದೆ ಮಾಡುವುದನ್ನು ಮರೆಯಬೇಡ. ಒಣಗಿದ್ದರೆ ಸೋರುತ್ತದೆ.

ಅತ್ತಿಗೆ

ಸೆಪ್ಟೆಂಬರ್ 14

ಅತ್ತಿಗೆ,

ಸಭೆ ಮೊನ್ನೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಮೊದಲು, ನಾನು ನಿಮ್ಮಿಂದ ಮುಚ್ಚಿಟ್ಟಿದ್ದು.

ಮಕ್ಕಳು ಸ್ಪಂಜನ್ನೇ ಎತ್ತುತ್ತಿದ್ದಾರೆ ಎಂದು ಬರೆದದ್ದು ಸುಳ್ಳು. ನಿಮ್ಮ ಮರಳಿನ ಉಪಾಯದ ಕಾಗದ ಬಂದ ವಾರವೇ ಒಬ್ಬ ಹುಡುಗ ತನ್ನ ನೀರಿನ ಬಾಟಲಿಯನ್ನು ಬಂಡಿಗೆ ಹೊರಿಸಿದ. ಅದು ಮುಗ್ಗರಿಸಿತು. ನಾನು ಬೈಯಲು ಹೋದವಳು ಸುಮ್ಮನಾದೆ, ಏಕೆಂದರೆ ಆಗಲೇ ಎಲ್ಲರೂ ನೆಲದ ಮೇಲೆ ಕೂತು ಜಗಳ ಶುರು ಮಾಡಿದ್ದರು. ಆಟದ ಬಯಲಿನಲ್ಲಿ ಎರಡು ತುದಿಗೆ ಇಬ್ಬರು ಕೂತು ಏರಿಳಿಯುವ ಸೀಸಾ ಹಲಗೆಯ ಮಾತು ಬಂತು. "ಹಿಂದೆ ಯಾರೂ ಕೂತಿಲ್ಲ, ಅದಕ್ಕೇ" ಎಂದಳು ಯಾಕಮ್ಮ. ಡಬ್ಬಿ ಕಿತ್ತು ಹಿಂದಕ್ಕೆ ಹಾಕಲು ಸ್ಕ್ರೂ ಹುಡುಕಿದರು. ಸ್ಕ್ರೂ ಇರಲಿಲ್ಲ. ಕೊನೆಗೆ ಯಾರದೋ ತುಂಬಿದ ಪೆನ್ಸಿಲ್ ಪೆಟ್ಟಿಗೆಯನ್ನು ಹಿಂದೆ ಕಟ್ಟಿದರು. ಬಂಡಿ ಬಾಟಲಿ ಹೊತ್ತು ಹೋಯಿತು. ನೀವು ಬಾಯಿ ಬಿಡದೆ ಕೂರುತ್ತಿದ್ದದ್ದು ಏಕೆಂದು ಅವತ್ತು ತಿಳಿಯಿತು. ಆ ಖುಷಿಯನ್ನು ನಿಮಗೆ ಬರೆಯೋಣವೆಂದು ಕೂತವಳು ಬರೆಯಲಿಲ್ಲ. ನಿಮಗೆ ಬೇಕಾಗಿದ್ದದ್ದು ಅದಾಗಿರಲಿಲ್ಲ.

ಇನ್ನು ಮೊನ್ನೆಯ ವಿಷಯ. ಮರಳು ತುಂಬಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಬೇರೆ ದಾರಿ ಹಿಡಿದೆ. ಯಾಕಮ್ಮ ವೇದಿಕೆಗೆ ಹೋಗುವ ಮೊದಲು ನಾನೇ ಎದ್ದು, ಇದನ್ನು ಕಂಡುಹಿಡಿದವರೇ ಮೊದಲು ಓಡಿಸಿ ತೋರಿಸಿದರೆ ಮಕ್ಕಳಿಗೆ ಹುರುಪು ಬರುತ್ತದೆ ಎಂದೆ. ಚಪ್ಪಾಳೆ ಬಿತ್ತು. ಬೆಣ್ಣೆ ಕೋಟಿನ ಗುಂಡಿ ಹಾಕಿಕೊಂಡು ಬಂದ. ಏನನ್ನು ಎತ್ತಬೇಕೆಂದು ಸಮಿತಿಯ ಅಧ್ಯಕ್ಷರೇ ಆರಿಸಲಿ ಎಂದೆ. ಅಧ್ಯಕ್ಷರು ವಯಸ್ಸಾದ ಹೆಂಗಸು. ತಮ್ಮ ಎದುರಿದ್ದ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ಮೇಡಂ, ಸ್ಪಂಜಿನ ಇಟ್ಟಿಗೆ ಇದೆಯಲ್ಲ" ಎಂದ ಬೆಣ್ಣೆ.

"ಸ್ಪಂಜು ಎತ್ತೋಕೆ ಯಂತ್ರ ಯಾಕ್ರೀ ಬೇಕು?" ಎಂದರು ಅವರು.

ಬಂಡಿ ಮುಗ್ಗರಿಸಿತು. ಅವನು ನಕ್ಕು ಮತ್ತೆ ಇಟ್ಟ. ಮತ್ತೆ ಮುಗ್ಗರಿಸಿತು. ಬ್ಯಾಟರಿ ಬದಲಿಸಿದ, ಮೇಜಿನ ಇಳಿಜಾರನ್ನು ದೂರಿದ, ಮೇಜನ್ನು ಎಳೆದು ಬೇರೆಡೆ ಇಟ್ಟ. ಮುಂದಿನ ಸಾಲಿನಲ್ಲಿದ್ದ ನನ್ನ ಮಕ್ಕಳಿಗೆ ತಡೆಯಲಾಗಲಿಲ್ಲ. "ಭಾರ ಹಿಂದಕ್ಕೆ, ಭಾರ ಹಿಂದಕ್ಕೆ" ಎಂದು ಎಲ್ಲರೂ ಕೂಗತೊಡಗಿದರು.

ಅತ್ತಿಗೆ, ಅವನು ಬುದ್ಧಿವಂತ. ಒಂದು ಗಳಿಗೆ ಮಕ್ಕಳನ್ನು ನೋಡಿದ. ಆಮೇಲೆ ಸಮಿತಿಯ ಕಡೆ ತಿರುಗಿ, ಇದೇ ನಮ್ಮ ವಿಧಾನ, ಬೇಕೆಂದೇ ಒಂದು ತಪ್ಪು ಇಟ್ಟಿರುತ್ತೇವೆ, ಮಕ್ಕಳು ತಾವೇ ಕಂಡುಹಿಡಿಯಲಿ ಎಂದುಬಿಟ್ಟ. ಸಭೆಯೆಲ್ಲ ಚಪ್ಪಾಳೆ. ನಿಮ್ಮ ಮಾತು, ನಿಮ್ಮ ಕಣ್ಣೆದುರು ಅಲ್ಲದಿದ್ದರೂ ನನ್ನ ಕಣ್ಣೆದುರು, ಎರಡನೇ ಸಲ ಕಳುವಾಯಿತು.

ಆಗ ಯಾಕಮ್ಮ ಎದ್ದು ನಿಂತಳು. ಚಪ್ಪಾಳೆ ನಿಲ್ಲುವವರೆಗೆ ಕಾದಳು.

"ಬೇಕೂಂತ ಇಟ್ಟಿದ್ರೆ, ಅದನ್ನ ತೆಗೆಯೋಕೆ ಯಾಕೆ ಬರಲ್ಲ?"

ಅವನು ನಕ್ಕ. ಒಳ್ಳೆಯ ಪ್ರಶ್ನೆ ಎಂದ. ಅಧ್ಯಕ್ಷರು ಬಂಡಿಯನ್ನು ಕೈಗೆತ್ತಿಕೊಂಡು ಡಬ್ಬಿಯನ್ನು ಎಳೆದು ನೋಡಿದರು, ಉಗುರಿನಿಂದ ಕೆರೆದು ನೋಡಿದರು. "ಮಗು ಕೇಳ್ತಾ ಇದೆ, ಉತ್ತರ ಹೇಳಿ" ಎಂದರು. ಬೆಣ್ಣೆ ತನ್ನದೇ ಪುಸ್ತಿಕೆಯನ್ನು ತೆರೆದು ಪುಟ ತಿರುಗಿಸತೊಡಗಿದ. ಇಡೀ ಸಭಾಂಗಣ ಅವನು ಪುಟ ತಿರುಗಿಸುವುದನ್ನೇ ನೋಡುತ್ತಿತ್ತು. ನೀವು ಕೇಳಿದ ಮುಖ ಹೀಗಿತ್ತು: ಹುಬ್ಬು ಮೇಲೆ, ತುಟಿ ನಗುವ ಆಕಾರದಲ್ಲೇ ಒಣಗಿತ್ತು, ಗದ್ದದಿಂದ ಬೆವರು ಕಾಲರಿನೊಳಗೆ ಇಳಿಯುತ್ತಿತ್ತು. ಕೊನೆಯ ಪುಟದಲ್ಲಿ ಅವನ ಫೋಟೊ ಬಿಟ್ಟರೆ ಏನೂ ಇರಲಿಲ್ಲ. ಪೆಟ್ಟಿಗೆಗಳನ್ನು ವಾಪಸು ಒಯ್ಯುವಂತೆ ಸಮಿತಿ ಅಲ್ಲಿಯೇ ಹೇಳಿತು.

ನಿಮ್ಮ ಸೇಡು ತೀರಿತು. ಇನ್ನು ನನ್ನದು.

ಅಧ್ಯಕ್ಷರು ನನ್ನನ್ನು ಕರೆದು, ಭಾರ ಎಲ್ಲಿದೆ ಎಂದು ನೋಡುವುದನ್ನು ಈ ಮಕ್ಕಳಿಗೆ ಕಲಿಸಿದವರು ಯಾರು ಎಂದು ಕೇಳಿದರು. ನಿಮ್ಮ ಹೆಸರು ನಾಲಿಗೆಯ ತುದಿಯಲ್ಲಿತ್ತು. ಒಂದು ಮಗು ಅತ್ತರೆ ಭೂಮಿ ಬಾಯಿ ಬಿಡುವುದಿಲ್ಲ ಎಂದು ಬರೆದಿದ್ದಿರಲ್ಲ, ಆ ಸಾಲು ನೆನಪಾಯಿತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ನಾನು ಶಿಕ್ಷಕಿ ಎಂದು ಪರಿಚಯಿಸಲಾರೆ. "ನಾನೇ" ಎಂದೆ.

ಮುಂದಿನ ತಿಂಗಳ ಕೊನೆಗೆ ಇಡೀ ಸಮಿತಿ ನನ್ನ ತರಗತಿಗೆ ಬರುತ್ತದೆ, ಇದರ ನಂತರದ ಪಾಠ ನೋಡಲು. ರಟ್ಟಿನಲ್ಲೇ ಮಾಡಿಸಿ ಎಂದಿದ್ದಾರೆ. ಹಿಡಿಸಿದರೆ ಅದನ್ನೇ ಎಲ್ಲ ಶಾಲೆಗಳಲ್ಲೂ ಶುರುಮಾಡುತ್ತಾರಂತೆ.

ನಾದಿನಿ

ಅಕ್ಟೋಬರ್ 5

ಅತ್ತಿಗೆ,

ನೀವು ಬರೆಯುತ್ತಿಲ್ಲ. ಅಣ್ಣನಿಗೆ ಫೋನ್ ಮಾಡಿದೆ. ಅವಳು ಶಾಲೆಯಿಂದ ಬಂದವಳೇ ಬಾಗಿಲು ಹಾಕಿಕೊಳ್ಳುತ್ತಾಳೆ, ಊಟಕ್ಕೂ ಎರಡು ಸಲ ಕರೆಯಬೇಕು, ಒಳಗಿನಿಂದ ಹರಿಯುವ ಸದ್ದು ಬರುತ್ತದೆ, ಕಾಗದ ಹರಿಯುತ್ತಿರಬೇಕು, ಏನಾಯಿತೆಂದು ಗೊತ್ತಿಲ್ಲ ಎಂದ. ನೀವು ಅಳುತ್ತಾ ನನ್ನ ಕಾಗದಗಳನ್ನೆಲ್ಲ ಹರಿಯುತ್ತಿದ್ದೀರೆಂದು ನನಗೆ ಗೊತ್ತು. ಬಾವಿಗೆ ತಳ್ಳುವ ಆ ಮಾತನ್ನು ಹಾಗೆ ಬರೆಯಬಾರದಿತ್ತು ಎಂದು ಈಗ ಅನಿಸುತ್ತಿದೆ. ಸುಳ್ಳಂತೂ ಬರೆದಿಲ್ಲ.

ಎರಡನೇ ಪಾಠವನ್ನು ನಾನೇ ಮಾಡಲು ನೋಡಿದೆ. ತಪ್ಪೊಂದನ್ನು ಇಡಬೇಕಲ್ಲ ಎಂದು ಚಕ್ರವನ್ನು ಓರೆಯಾಗಿ ಹಾಕಿಸಿದೆ. ಮಕ್ಕಳು ನೋಡಿದ ಕೂಡಲೇ "ಮಿಸ್, ಚಕ್ರ ಓರೆ" ಎಂದು ನೆಟ್ಟಗೆ ಮಾಡಿ, ಮುಂದೇನು ಎಂದು ನನ್ನ ಮುಖ ನೋಡಿದರು. ತಪ್ಪು ಮಾಡುವುದು ಸುಲಭ, ಸರಿಯಾದ ತಪ್ಪು ಮಾಡುವುದು ಕಷ್ಟ ಎಂದು ತಿಳಿಯಿತು.

ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಎರಡನೇ ಪಾಠ ಕಳಿಸಿ.

ನಾದಿನಿ

ಅಕ್ಟೋಬರ್ 12

ನಾದಿನಿಗೆ,

ನಾನು ಅಳುತ್ತಿರಲಿಲ್ಲ. ಹರಿಯುತ್ತಿದ್ದದ್ದು ಟೇಪು. ನಿನ್ನ ಅಣ್ಣನಿಗೆ ಇಷ್ಟು ವರ್ಷವಾದರೂ ಹೆಂಡತಿ ಕೆಲಸ ಮಾಡುವ ಸದ್ದು ಯಾವುದು, ಅಳುವ ಸದ್ದು ಯಾವುದು ಎಂದು ತಿಳಿಯದು.

ನಿನ್ನ ಸೆಪ್ಟೆಂಬರ್ ಕಾಗದದಲ್ಲಿ ಬೆಣ್ಣೆ ಪುಟ ತಿರುಗಿಸುವ ಭಾಗ ನನಗೆ ಬಾಯಿಪಾಠವಾಗಿದೆ. ಉಗ್ರಾಣದಲ್ಲಿ ಒಬ್ಬಳೇ ಇದ್ದಾಗ ಹೇಳಿಕೊಳ್ಳುತ್ತೇನೆ. ಬಹಳ ರುಚಿ. ಅದಕ್ಕೆ ನಿನಗೆ ಋಣಿ. ಅದರ ಕೆಳಗಿನ ಭಾಗವನ್ನೂ ಓದಿದೆ. ನಾನು ಬರೆದ ಸಾಲು ನಾನೇ ಬರೆದದ್ದು, ಇನ್ನೊಬ್ಬರ ಮೇಲೆ ಹಾಕುವುದಿಲ್ಲ. ನೀನು ಆಡಿದ "ನಾನೇ" ಎಂಬ ಮಾತೂ ನಿನ್ನದೇ. ಅದನ್ನು ನೀನು ಹೊರು.

ಬೆಣ್ಣೆಯೂ ನನಗೆ ಬರೆದಿದ್ದಾನೆ. ಹಳೆಯದನ್ನು ಮರೆಯೋಣ, ಹೊಸ ಪೆಟ್ಟಿಗೆಯ ಮುಚ್ಚಳದ ಮೇಲೆ ನಿಮ್ಮ ಹೆಸರೂ ಇರಲಿ, ಎರಡನೇ ಪಾಠ ಕಳಿಸಿ ಎಂದು. ಅವನ ಕಾಗದ, ನಿನ್ನ ಕಾಗದ ಒಂದೇ ದಿನ ಬಂದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ. ಅಕ್ಷರ ಬೇರೆ, ಬೇಡಿಕೆ ಒಂದೇ. ಈ ಮಾತು ನಿನಗೆ ಚುಚ್ಚಬೇಕೆಂದೇ ಬರೆಯುತ್ತಿದ್ದೇನೆ.

ಅವನಿಗೆ ಉತ್ತರ ಬರೆಯಲಿಲ್ಲ. ನಿನಗೆ ಬರೆಯುತ್ತಿದ್ದೇನೆ, ಏಕೆಂದರೆ ಮಕ್ಕಳು ಜಗಳವಾಡುವಾಗ ನೀನು ಎದ್ದು ಹೊರಗೆ ಹೋಗಲಿಲ್ಲ.

ಎರಡನೇ ಪಾಠವನ್ನು ಕಾಗದದಲ್ಲಿ ಕಳಿಸುವುದಿಲ್ಲ. ಒಂದು ಸಲ ಹಾಳೆ ಕೊಟ್ಟು ಕಲಿತಿದ್ದೇನೆ. ಉಗ್ರಾಣದ ಬೀಗದ ಕೈಯನ್ನು ಆಡಳಿತದವರ ಮೇಜಿನ ಮೇಲಿಟ್ಟು ಬಂದೆ. ಹೊಸ ಬಂಡಿ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಸಿದ್ಧವಾಗಿದೆ. ಸಮಿತಿ ಬರುವ ದಿನ ಬೆಳಿಗ್ಗೆ ನಾನೂ ಬರುತ್ತೇನೆ. ನನಗೆ ಕುರ್ಚಿ ಬೇಡ, ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತೇನೆ. ನಾನು ಯಾರೆಂದು ಯಾರಿಗೂ ಹೇಳಿಕೊಳ್ಳುವುದಿಲ್ಲ.

ಯಾಕಮ್ಮನನ್ನು ನನ್ನ ಪಕ್ಕದಲ್ಲಿ ಕೂರಿಸು. ಅವಳನ್ನು ನಾನು ನೋಡಬೇಕು. ಗೊತ್ತಿಲ್ಲದ ಹೆಂಗಸೊಬ್ಬಳು ತನ್ನ ಪಕ್ಕದಲ್ಲಿ ಬಂಡಿ ಹಿಡಿದು ಕೂತರೆ ಅಂಥ ಹುಡುಗಿ ಸುಮ್ಮನಿರುವುದಿಲ್ಲ. ಇವರು ಯಾರು, ಇಲ್ಲಿಗೆ ಯಾಕೆ ಬಂದಿದ್ದಾರೆ ಎಂದು ನಿನ್ನನ್ನು ಕೇಳಿಯೇ ಕೇಳುತ್ತಾಳೆ. ಸಮಿತಿಯ ಎದುರೇ ಕೇಳುತ್ತಾಳೆ.

ನಾನು ಬಾಯಿ ಬಿಡುವುದಿಲ್ಲ. ನಿನ್ನ ಮುಖವನ್ನೇ ನೋಡುತ್ತಾ ಕೂತಿರುತ್ತೇನೆ.

ಅತ್ತಿಗೆ